ಹಸಿ ಹಾಳೆ, ಒಣ ಕರಟ

ಮಕ್ಕಳ ಕೈಕೆಲಸದ ಪುಸ್ತಕಗಳಲ್ಲಿ, ಮೊಬೈಲಿನ ವಿಡಿಯೋಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ‘ರಾತ್ರಿ ಹಾಗೇ ಬಿಡಿ, ಬೆಳಗ್ಗೆ ಒಣಗಿರುತ್ತದೆ.’ ಇದನ್ನು ಹೇಳಿದವರು ಜುಲೈ ತಿಂಗಳಲ್ಲಿ ಕಾರವಾರಕ್ಕೆ ಬಂದವರಲ್ಲ. ಆಗ ನಮ್ಮಲ್ಲಿ ರಾತ್ರಿ ಬಿಟ್ಟದ್ದು ಬೆಳಗ್ಗೆ ಇನ್ನಷ್ಟು ಹಸಿಯಾಗಿರುತ್ತದೆ. ಕಪಾಟಿನೊಳಗಿನ ಚರ್ಮದ ಬೆಲ್ಟಿಗೂ ಬೂಸ್ಟು ಹಿಡಿದಿರುತ್ತದೆ. ಹಾಗಾಗಿ ಘಟ್ಟದ ಮೇಲಿನ ಶಿರಸಿಯಿಂದ ಕೆಳಗಿನ ಕುಮಟೆ, ಅಂಕೋಲೆಯವರೆಗೆ ಪುಟ್ಟ ಮಕ್ಕಳಿಗೆ ಆಟಿಕೆ ಮಾಡಿಕೊಡಲು ಕೂತವರು ಮೊದಲು ನೋಡಬೇಕಾದ್ದು ಕೈಯಲ್ಲಿರುವ ಸಾಮಾನು ಎಷ್ಟು ಹಸಿ, ಎಷ್ಟು ಒಣ ಎಂದು. ಕತ್ತರಿ, ಬಣ್ಣ ಎಲ್ಲ ಆಮೇಲೆ.

ಅಡಿಕೆ ಹಾಳೆಯನ್ನೇ ತೆಗೆದುಕೊಳ್ಳಿ. ಒಂದು ಮರ ವರ್ಷಕ್ಕೆ ಆರೇಳು ಹಾಳೆ ಉದುರಿಸುತ್ತದೆ, ದುಡ್ಡಿಲ್ಲ, ಕಾಸಿಲ್ಲ. ಇವತ್ತು ಬೆಳಗ್ಗೆ ಬಿದ್ದದ್ದಾದರೆ ಹಾಗೇ ಮಡಚಬಹುದು. ನಾಲ್ಕು ದಿನ ಬಿಸಿಲು ಕಂಡದ್ದನ್ನು ಹಾಗೇ ಮಡಚಿದರೆ ನಾರಿನ ಉದ್ದಕ್ಕೂ ‘ಚರ್‍’ ಎಂದು ಸೀಳುತ್ತದೆ. ಅದನ್ನು ಬಚ್ಚಲ ಬಾನಿಯಲ್ಲಿ ಹದಿನೈದು–ಇಪ್ಪತ್ತು ನಿಮಿಷ ಮುಳುಗಿಸಿಡಬೇಕು. ಕಷ್ಟವಿರುವುದು ಈ ಇಪ್ಪತ್ತು ನಿಮಿಷದಲ್ಲಿಯೇ. ಶಿರಸಿ ಕಡೆಯ ಮನೆಗಳಲ್ಲಿ ಆ ಹೊತ್ತಿನ ಸಂಭಾಷಣೆ ಹೆಚ್ಚುಕಡಿಮೆ ಹೀಗಿರುತ್ತದೆ: ‘ಆತನಾ ಅಜ್ಜ?’ ‘ತಡ್ಯ ಮಾಣಿ, ಇನ್ನೂ ನೆನೆಯವು.’ ‘ಈಗ ಆತನಾ?’ ‘ಆತನಾ’ ಎಂದರೆ ಆಯಿತಾ, ‘ಮಾಣಿ’ ಎಂದರೆ ಹುಡುಗ. ಹಾಗೆಂದು ಮರೆತು ದಿನವಿಡೀ ನೆನೆಹಾಕಿದರೂ ಕೆಟ್ಟಿತು, ಹಾಳೆ ಲೋಳೆಯಾಗಿ ಪದರು ಬಿಡುತ್ತದೆ. ಇನ್ನೊಂದು ಮಾತು. ಮಳೆಗಾಲದಲ್ಲಿ ತೋಟಕ್ಕೆ ಕೊಳೆರೋಗದ ಮದ್ದು ಹೊಡೆದಿರುತ್ತಾರೆ. ಮೈಲುತುತ್ತ, ಸುಣ್ಣದ ಆ ದ್ರಾವಣದ ತಿಳಿನೀಲಿ ಕಲೆ ಹಾಳೆಯ ಮೇಲೆ ಕೂತಿರುತ್ತದೆ. ಅಂಥದ್ದನ್ನು ಮಕ್ಕಳ ಕೈಗೆ ಕೊಡುವ ಮುಂಚೆ ಹಿಡಿಯಿಂದ, ಅಂದರೆ ಪೊರಕೆಯಿಂದ, ಚೆನ್ನಾಗಿ ತಿಕ್ಕಿ ತೊಳೆಯಬೇಕು. ಕಲೆ ದಟ್ಟವಾಗಿದ್ದರೆ ಆ ಹಾಳೆ ಬೇಡ, ತೋಟದಲ್ಲೇನು ಬರಗಾಲವೇ?

ದೋಣಿ ಮಾಡುವುದಾದರೆ ಒಂದೂವರೆ ಗೇಣು ಉದ್ದ, ಮುಕ್ಕಾಲು ಗೇಣು ಅಗಲದ ತುಂಡು ಸಾಕು. ನಾರು ಉದ್ದಕ್ಕೆ ಬರುವಂತೆ ಕತ್ತರಿಸಿ, ಎರಡೂ ತುದಿಗಳನ್ನು ನೆರಿಗೆ ಹಿಡಿದು ಮೇಲೆತ್ತಿ, ಹಿಡಿಕಡ್ಡಿ ಚುಚ್ಚಿ ಬಿಗಿಯಬೇಕು. ಕಡ್ಡಿ ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆ ಬಂದು ಮತ್ತೆ ಒಳಗೆ ಹೋಗಬೇಕು. ಒಂದೇ ಸಲ ಚುಚ್ಚಿದ್ದು ನೀರಿಗಿಳಿದ ಕೂಡಲೇ ಬಿಚ್ಚಿಕೊಳ್ಳುತ್ತದೆ. ಹಳೇ ಹಿಡಿಯಿಂದ ಕಿತ್ತ ಕಡ್ಡಿ ಪಟ್ಟನೆ ಮುರಿಯುತ್ತದೆ, ಹಸಿ ತೆಂಗಿನ ಮಡಲಿನ ಕಡ್ಡಿಯಾದರೆ ಬಾಗಿ ಬರುತ್ತದೆ. ಇಷ್ಟು ಮಾಡಿ ಕಾಲುವೆಗೆ ಬಿಟ್ಟರೆ ಮೊದಲ ತಿರುವಿನಲ್ಲೇ ಮಗುಚುತ್ತದೆ, ಏಕೆಂದರೆ ಹೊಟ್ಟೆಯಲ್ಲಿ ಭಾರವಿಲ್ಲ. ನಡುಮಧ್ಯ ಎರಡು ಗೋಟಡಿಕೆ, ಅಂದರೆ ಒಣಗಿದ ಹಣ್ಣಡಿಕೆ, ಇಡಿ, ನೆಟ್ಟಗೆ ಹೋಗುತ್ತದೆ. ಹಾಯಿ ಬೇಕೆಂದು ಹಟ ಹಿಡಿದರೆ ಕಡ್ಡಿಗೆ ಒಂದೇ ಒಂದು ಹಲಸಿನೆಲೆ ಸಿಕ್ಕಿಸಿ, ಅದರ ಎತ್ತರ ದೋಣಿಯ ಉದ್ದದ ಅರ್ಧ ಮೀರದಿರಲಿ. ಕಾಗದದ ದೋಣಿ ನಾಲ್ಕು ನಿಮಿಷದಲ್ಲಿ ಮುದ್ದೆಯಾಗುವ ಮಳೆಯಲ್ಲಿ ಇದು ಗದ್ದೆಯ ಬದು ದಾಟಿ ಹೋಗುತ್ತದೆ. ಮಕ್ಕಳು ಅದರ ಹಿಂದೆಯೇ ಹೋಗುತ್ತಾರೆ ಎಂಬುದನ್ನು ಮರೆಯಬಾರದು. ಹಿಂದೊಬ್ಬ ದೊಡ್ಡವರು ಇರಲೇಬೇಕು.

ಇಡೀ ಹಾಳೆಯಾದರೆ ಅದು ಬಂಡಿ. ಹಾಳೆಗೆ ಅಂಟಿದ ಸೋಗೆಯ ಎಲೆಗಳನ್ನು ಸವರಿ ದಂಟು ಮಾತ್ರ ಉಳಿಸಿ, ಮಗುವನ್ನು ಹಾಳೆಯ ಒಳಮೈ ಮೇಲೆ ಕೂರಿಸಿ, ದಂಟಿನ ಬುಡ ಹಿಡಿದುಕೊಳ್ಳಲು ಹೇಳಿ ತುದಿಯಿಂದ ಎಳೆಯುವುದು. ಎಲ್ಲರಿಗೂ ಗೊತ್ತಿರುವ ಆಟ, ಆದರೂ ಪ್ರತಿ ಸಲ ಮಗು ಅಂಗಾತ ಬೀಳುವುದು ಹೊರಡುವಾಗಲೇ. ಒರಗಲು ಹಿಂದೆ ಏನೂ ಇಲ್ಲ, ಎಳೆಯುವ ಅಣ್ಣನಿಗೋ ಹುರುಪು ಹೆಚ್ಚು. ಮೆಲ್ಲಗೆ ಹೊರಟು ಆಮೇಲೆ ಓಡಬಹುದು. ಚಿರೆಕಲ್ಲಿನ ಜಲ್ಲಿ ಇರುವ ಅಂಗಳದಲ್ಲಿ ಹಾಳೆ ಹತ್ತು ಸುತ್ತಿಗೆ ತೂತಾಗುತ್ತದೆ, ತೂತಿನ ವಿಷಯ ಮೊದಲು ಗೊತ್ತಾಗುವುದು ಚಡ್ಡಿಗೆ. ಒಂದರ ಮೇಲೊಂದು ಎರಡು ಹಾಳೆ ಹಾಕಿದರೆ ಒಂದು ಸಂಜೆ ನಿಭಾಯಿಸುತ್ತದೆ.

ತೆಂಗಿನ ಗರಿಯ ಲೆಕ್ಕ ಬೇರೆ. ಪೀಪಿಗೆ ಎಳೆಯದು ಬೇಕು, ಆದರೆ ತೀರಾ ಸುಳಿಯದಲ್ಲ. ಕಡುಹಸಿರು ಗರಿ ಸುತ್ತುವಾಗಲೇ ಬಿರುಕು ಬಿಡುತ್ತದೆ. ಬಿಳಿ ಸುಳಿಯದು ಬಾಡಿ ಮಧ್ಯಾಹ್ನದೊಳಗೆ ದನಿ ಕಳೆದುಕೊಳ್ಳುತ್ತದೆ. ತಿಳಿಹಸಿರು ಗರಿಯ ಕಡ್ಡಿ ತೆಗೆದು, ಒಂದು ಬೆರಳಗಲದ ಪಟ್ಟಿಯನ್ನು ತುದಿಯಿಂದ ಬಿಗಿಯಾಗಿ ಸುತ್ತುತ್ತಾ ಬರಬೇಕು. ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚಬೇಕು, ಬಾಯಿ ಅಗಲವಾಗುತ್ತಾ ಹೋಗಬೇಕು. ಒಂದು ಪಟ್ಟಿ ಮುಗಿದರೆ ಇನ್ನೊಂದನ್ನು ಒಳಗೆ ಸಿಕ್ಕಿಸಿ ಮುಂದುವರಿಸಿ, ಕೊನೆಗೆ ಕಡ್ಡಿಯಿಂದ ಬಿಗಿಯುವುದು. ಸಣ್ಣ ತುದಿಯನ್ನು ಎರಡು ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಬೇಕು. ಊದಿದರೆ ಬರೀ ಗಾಳಿ ಬರುತ್ತಿದ್ದರೆ ಈ ಚಪ್ಪಟೆ ಸಾಲದು ಎಂದರ್ಥ. ಗಾಳಿಯೂ ಬಾರದಿದ್ದರೆ ಒತ್ತಿದ್ದು ಹೆಚ್ಚಾಯಿತು. ಪೀಪಿಯ ತುದಿಯ ಎರಡು ತುಟಿ ತಾಗಿಯೂ ತಾಗದ ಹಾಗಿದ್ದಾಗ ‘ಪೇಂ’ ಎನ್ನುತ್ತದೆ. ಮನೆಯಲ್ಲಿ ಮಧ್ಯಾಹ್ನ ನಿದ್ದೆ ಮಾಡುವವರು ಇದ್ದರೆ ಸುಳಿಯ ಗರಿಯದನ್ನೇ ಮಾಡಿಕೊಡುವುದು ಜಾಣತನ.

ಇನ್ನು ಹಿಟ್ಟಿನ ಗೊಂಬೆ. ಎರಡು ಕಪ್ ಮೈದಾ, ಒಂದು ಕಪ್ ಉಪ್ಪು, ಮುಕ್ಕಾಲರಿಂದ ಒಂದು ಕಪ್ ನೀರು ಕಲಸಿ ಗೊಂಬೆ ಮಾಡಿ ಒಣಗಿಸುವುದು ಲೋಕಪ್ರಸಿದ್ಧ ವಿಧಾನ. ಅದು ಇಲ್ಲಿ ಕೈಕೊಡುವುದು ಉಪ್ಪಿನಲ್ಲಿ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪು ಗಂಜಿಗೆ, ಉಪ್ಪಿನಕಾಯಿಗೆ ಬಹಳ ಚೆಂದ, ಗೊಂಬೆಗೆ ಸಲ್ಲದು. ಹರಳು ದಪ್ಪವಾದ್ದರಿಂದ ಹಿಟ್ಟು ಜರಿಜರಿಯಾಗುತ್ತದೆ. ಪುಡಿ ಮಾಡಿ ಹಾಕಿದರೂ, ಸಮುದ್ರದ ಕಚ್ಚಾ ಉಪ್ಪಿನಲ್ಲಿರುವ ಮೆಗ್ನೀಸಿಯಂ ಅಂಶ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಭರಣಿಯಲ್ಲಿ ಉಪ್ಪು ನೀರೊಡೆಯುವ ಹಾಗೆಯೇ ಜೂನ್‌ನಲ್ಲಿ ಗೊಂಬೆಯೂ ಬೆವರುತ್ತದೆ, ಮೂಗು ಮೊದಲು ಇಳಿಯುತ್ತದೆ. ಪ್ಯಾಕೆಟ್ಟಿನ ಪುಡಿ ಉಪ್ಪಾದರೆ ವಾಸಿ, ಆದರೂ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಬಿಸಿಲಿಗೆ ಮಾತ್ರ ಈ ಕೆಲಸ. ಕಾಲು ಇಂಚಿಗಿಂತ ದಪ್ಪ ಬೇಡ, ಮೇಲೆ ಒಣಗಿ ಒಳಗೆ ಹಸಿಯುಳಿದು ಬಿರಿಯುತ್ತದೆ. ದಿನಕ್ಕೆರಡು ಸಲ ಮಗುಚಿ ಹಾಕುತ್ತಿರಬೇಕು.

ಮಳೆಗಾಲಕ್ಕೆ ಬೇಯಿಸಿದ ಹಿಟ್ಟೇ ಸರಿ. ಅದು ಒಣಗಬೇಕಾದ್ದೇ ಇಲ್ಲ, ಒಣಗದಿರುವುದೇ ಅದರ ಗುಣ. ಒಂದು ಕಪ್ ಮೈದಾ, ಅರ್ಧ ಕಪ್ ಪುಡಿ ಉಪ್ಪು, ಒಂದು ಕಪ್ ನೀರು, ಒಂದು ದೊಡ್ಡ ಚಮಚ ಎಣ್ಣೆ, ಎರಡು ಚಿಕ್ಕ ಚಮಚ ಲಿಂಬೆರಸ. ಎಲ್ಲವನ್ನೂ ತಣ್ಣಗಿರುವಾಗಲೇ ಗಂಟಿಲ್ಲದಂತೆ ಕಲಸಿ ಸಣ್ಣ ಉರಿಯಲ್ಲಿ ತಿರುವುತ್ತಾ ಇದ್ದರೆ ಮೂರ್ನಾಲ್ಕು ನಿಮಿಷದಲ್ಲಿ ತಳ ಬಿಟ್ಟು, ಮೋದಕಕ್ಕೆ ಉಕ್ಕರಿಸಿದ ಹಿಟ್ಟಿನ ಹಾಗೆ ಒಂದೇ ಉಂಡೆಯಾಗುತ್ತದೆ. ಆರಿದ ಮೇಲೆ ನಾದಬೇಕು. ಕೈಗಂಟಿದರೆ ಇನ್ನೊಂದು ನಿಮಿಷ ಉರಿ ಸಾಲಲಿಲ್ಲ ಎಂದು. ಮತ್ತೆ ಬಾಣಲೆಗೆ ಹಾಕಿ, ಹಿಟ್ಟು ಸುರಿಯಬೇಡಿ. ಒಡೆದು ಉದುರಿದರೆ ಒಂದೆರಡು ಹನಿ ಎಣ್ಣೆ. ಬಣ್ಣಕ್ಕೆ ಅರಿಶಿನ, ಬೀಟ್‌ರೂಟ್ ರಸ, ಬಸಳೆ ಹಣ್ಣಿನ ನೇರಳೆ ಸಾಕು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ವಾರ ಬಾಳುತ್ತದೆ, ಹುಳಿ ವಾಸನೆ ಬಂದ ದಿನ ಗೊಬ್ಬರ ಗುಂಡಿಗೆ. ಇಷ್ಟೊಂದು ಉಪ್ಪಿರುವ ಹಿಟ್ಟನ್ನು ಮಗು ನುಂಗಬಾರದು, ಮನೆಯ ನಾಯಿಯೂ ತಿನ್ನಬಾರದು. ನಾಯಿಗೇ ಇದರ ಮೇಲೆ ಆಸೆ ಹೆಚ್ಚು.

ಚೌತಿ ಹತ್ತಿರ ಬಂದಾಗ ಗಣಪತಿ ಮಾಡುವವರಲ್ಲಿ ಒಂದು ಮುದ್ದೆ ಮಣ್ಣು ಕೇಳಿ ತಂದರೆ ಅದಕ್ಕಿಂತ ಒಳ್ಳೆಯ ಸಾಮಾನಿಲ್ಲ, ಹದ ಮಾಡುವ ಕೆಲಸ ಅವರದ್ದೇ ಮುಗಿದಿರುತ್ತದೆ. ಮಕ್ಕಳು ಮಾಡಿದ ಆನೆಯ ಸೊಂಡಿಲು ಮರುದಿನ ಕೆಳಗೆ ಬಿದ್ದಿರುವುದು ಬರೀ ಒತ್ತಿ ಅಂಟಿಸಿದ್ದರಿಂದ. ಎರಡೂ ಕಡೆ ಕಡ್ಡಿಯಿಂದ ಗೀರಿ, ಕೆಸರು ನೀರು ಹಚ್ಚಿ ಕೂಡಿಸಿದರೆ ನಿಲ್ಲುತ್ತದೆ. ನೆರಳಲ್ಲೇ ಒಣಗಲಿ. ಹತ್ತಿಯ ಎಳೆ ಸೇರಿಸಿ ನಾದಿದ ಮಣ್ಣು ಬಿರಿಯುವುದು ಕಡಿಮೆ.

ಮಳೆ ಬಿಡದ ಮಧ್ಯಾಹ್ನಕ್ಕೆ ಅರಿಶಿನದ ಕಾಗದವಿದೆ. ಒಂದು ಚಮಚ ಅರಿಶಿನವನ್ನು ನೀರಲ್ಲಿ ತೆಳ್ಳಗೆ ಕದಡಿ ಬಿಳಿ ಕಾಗದಕ್ಕೆ ಬಳಿದು ಒಲೆಯ ಹತ್ತಿರ ಒಣಗಿಸಿ. ಕಾಲು ಕಪ್ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಕರಗಿಸಿ, ಕಡ್ಡಿಗೆ ಹತ್ತಿ ಸುತ್ತಿ ಅದ್ದಿ ಬರೆದರೆ ಕೆಂಪು ಗೆರೆ ಮೂಡುತ್ತದೆ; ಮೇಲೆ ಲಿಂಬೆರಸ ಸವರಿದರೆ ಗೆರೆ ಮಾಯ. ಆರತಿ ನೀರು ಕೆಂಪಾಗುವುದೂ ಇದೇ ಕಾರಣಕ್ಕೆ, ಅಲ್ಲಿ ಸೋಡಾದ ಬದಲು ಸುಣ್ಣ. ಹಾಗೆಂದು ಕವಳದ, ಅಂದರೆ ಎಲೆಯಡಿಕೆಯ, ತಟ್ಟೆಯ ಸುಣ್ಣವನ್ನು ಮಕ್ಕಳಿಗೆ ಕೊಡಬೇಡಿ, ಕಣ್ಣಿಗೆ ತಾಗಿದರೆ ಸುಡುತ್ತದೆ. ದಾಸವಾಳದ ಎಸಳನ್ನು ಕಾಗದಕ್ಕೆ ತಿಕ್ಕಿದರೆ ಇನ್ನೊಂದು ಮೋಜು: ಲಿಂಬೆಗೆ ಗುಲಾಬಿ, ಸೋಡಾಕ್ಕೆ ಹಸಿರು. ಅರಿಶಿನದ ಕಲೆ ಸೋಪು ಹಾಕಿದ ಕೂಡಲೇ ಕೆಂಪಾಗಿ ಅಮ್ಮಂದಿರನ್ನು ಗಾಬರಿಪಡಿಸುವುದರಿಂದ ಹಳೇ ಅಂಗಿ ತೊಡಿಸುವುದು ಒಳ್ಳೆಯದು.

ಮಳೆ ಕಳೆದ ಮೇಲೆ ಕಡಲತೀರ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಸಂಜೆ ನೋಡಿ, ಮಕ್ಕಳು ಒಣ ಮರಳಲ್ಲಿ ಕೂತು ಗೋಪುರ ಕಟ್ಟುತ್ತಿರುತ್ತಾರೆ, ಅದು ಜಾರುತ್ತಿರುತ್ತದೆ. ಇಲ್ಲವೇ ಅಲೆಯ ಬಾಯಿಗೆ ಹೋಗಿ ರಾಡಿ ತುಂಬುತ್ತಿರುತ್ತಾರೆ. ಕಣಕಣದ ನಡುವೆ ತೆಳ್ಳಗೆ ನೀರಿದ್ದರೆ ಅದು ಕಣಗಳನ್ನು ಹಿಡಿದೆಳೆಯುತ್ತದೆ; ಸಂದೆಲ್ಲ ನೀರೇ ತುಂಬಿದರೆ ಆ ಹಿಡಿತ ಹೋಗುತ್ತದೆ. ಎಂಟು ಪಾಲು ಒಣ ಮರಳಿಗೆ ಒಂದು ಪಾಲು ನೀರು ಸಾಕು. ಮುಷ್ಟಿ ಹಿಡಿದು ಬಿಟ್ಟಾಗ ಬೆರಳಚ್ಚು ಉಳಿಯಬೇಕು, ನೀರು ತೊಟ್ಟಿಕ್ಕಬಾರದು. ಅಚ್ಚಿಗೆ ಕರಟ: ಒಳಗೆ ಒದ್ದೆ ಮಾಡಿ, ಮರಳು ಒತ್ತಿ ತುಂಬಿ, ಬೋರಲು ಹಾಕಿ ಬೆನ್ನಿಗೆ ಎರಡೇಟು. ಕಟ್ಟಿದ್ದು ಸಾಕಾದರೆ ಅಲ್ಲೇ ಎರಡು ಸಾಲಲ್ಲಿ ಏಳೇಳು ಗುಳಿ ತೋಡಿ, ಗುಳಿಗೆ ನಾಲ್ಕರಂತೆ 56 ಸಣ್ಣ ಚಿಪ್ಪು ಹಾಕಿದರೆ ಚೆನ್ನೆಮಣೆ, ಅಂದರೆ ಅಳಗುಳಿಮಣೆ, ತಯಾರು. ಮನೆಗೆ ತರುವ ಬಳಚು ಎಂಬ ಕಪ್ಪೆಚಿಪ್ಪನ್ನು ತೊಳೆದು ಬಿಸಿಲಿಗೆ ಹಾಕದಿದ್ದರೆ ಮೂರನೇ ದಿನ ಮನೆಯೆಲ್ಲ ನಾರುತ್ತದೆ. ಗುಳಿಗೆ ಗುಲಗಂಜಿ ಬೇಡ, ಎಷ್ಟೇ ಚೆಂದ ಕಂಡರೂ ಅಗಿದರೆ ವಿಷ. ಹಸಿ ಗೇರುಬೀಜವನ್ನು ಸಾಲಿಟ್ಟು ಹೊಡೆಯುವ ಆಟವೂ ದೊಡ್ಡ ಮಕ್ಕಳಿಗೆ ಸರಿ, ಕಚ್ಚಿ ನೋಡುವ ವಯಸ್ಸಿನವರಿಗಲ್ಲ; ಸಿಪ್ಪೆಯ ಎಣ್ಣೆ ತಾಗಿದರೆ ಬಾಯಿ ಬೊಬ್ಬೆಯೇಳುತ್ತದೆ. ಮೂರು ವರ್ಷದೊಳಗಿನವರಿಗೆ ಗಂಟಲಲ್ಲಿ ಸಿಗುವ ಯಾವ ಬೀಜವೂ ಬೇಡ, ಚಿಪ್ಪೂ ಬೇಡ.

ಕಾಲಡಿಗೆ ಇಟ್ಟು ನಡೆಯುವ ಕರಟದ ಕುದುರೆಗೆ ಮಾತ್ರ ಪೂರಾ ಒಣಗಿದ್ದೇ ಬೇಕು. ಕಣ್ಣಿರುವ ಹೋಳುಗಳೆರಡನ್ನು ಆರಿಸಿ ಅಂಚನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿ, ಮೆದು ಕಣ್ಣನ್ನು ಚುಚ್ಚಿ ತೆಂಗಿನ ನಾರಿನ ಹಗ್ಗ ಪೋಣಿಸಿ ಒಳಗೆ ದಪ್ಪ ಗಂಟು ಹಾಕಬೇಕು. ಹಗ್ಗ ಮಗುವಿನ ಸೊಂಟದವರೆಗೆ ಬಂದರೆ ಅಳತೆ ಸರಿ. ಕರಟ ಬೋರಲಿಟ್ಟು, ಕಾಲಿನ ಹೆಬ್ಬೆರಳು–ಪಕ್ಕದ ಬೆರಳ ನಡುವೆ ಹಗ್ಗ ಹಿಡಿದು ನಿಂತು, ಕಾಲೆತ್ತುವಾಗ ಅದೇ ಕಡೆಯ ಕೈಯನ್ನೂ ಎತ್ತಬೇಕು. ಮಕ್ಕಳು ತಪ್ಪುವುದು ಇಲ್ಲಿಯೇ, ಕಾಲು ಮೇಲೆ ಬರುತ್ತದೆ, ಕರಟ ನೆಲದಲ್ಲೇ ಉಳಿಯುತ್ತದೆ. ಮಣ್ಣಿನ ಅಂಗಳ ಉತ್ತಮ. ಟೈಲ್ಸ್ ಮೇಲೆ ಜಾರುತ್ತದೆ, ಮರಳಲ್ಲಿ ಹೂತು ‘ಟಕ್ ಟಕ್’ ಸದ್ದೇ ಬರುವುದಿಲ್ಲ. ಐದು ವರ್ಷದ ಮಗುವನ್ನು ದಪ್ಪ ಕರಟ ಆರಾಮಾಗಿ ಹೊರುತ್ತದೆ. ‘ಹೀಗಲ್ಲ, ಹೀಗೆ’ ಎಂದು ತೋರಿಸಲು ಹತ್ತುವ ಅಪ್ಪಂದಿರಿಗಾಗಿ ಇನ್ನೊಂದು ಜೊತೆ ಮಾಡಿಟ್ಟಿರಿ.