ಎಕ್ಸ್‌ರೇ ನಾರ್ಮಲ್ ಬಂದರೆ ಉಸಿರಾಟ ನಾರ್ಮಲ್ ಅಂತಲ್ಲ

"ನಾಕು ಮೆಟ್ಲು ಹತ್ತುದ್ರೆ ಉಸ್ರು ಕಟ್ತದೆ ಕಣವ್ವ" ಅಂತ ಮಂಡ್ಯ ಕಡೆಯ ಹೆಂಗಸೊಬ್ಬಳು ಹೇಳಿದರೆ ಸಿಗುವ ಉತ್ತರ ಗೊತ್ತೇ ಇದೆ. ರಕ್ತ ಕಮ್ಮಿ ಇರಬೇಕು, ಗ್ಯಾಸು, ವಯಸ್ಸಾಯ್ತು. ಆಸ್ಪತ್ರೆಗೆ ಹೋದರೆ ಒಂದು ಎಕ್ಸ್‌ರೇ, ಬೆರಳಿಗೆ ಆಕ್ಸಿಮೀಟರ್. "98 ಇದೆ, ಏನೂ ತೊಂದರೆ ಇಲ್ಲ."

ನಮ್ಮ ದೊಡ್ಡಮ್ಮ ಈ ಮಾತು ಕೇಳಿಕೊಂಡೇ ವರ್ಷಗಟ್ಟಲೆ ದಮ್ಮು ಕಟ್ಟಿಕೊಂಡು ಓಡಾಡಿದರು. ಬೀಡಿ ಮುಟ್ಟಿದವರಲ್ಲ. ಮನೆಯಲ್ಲಿ ಸೌದೆ ಒಲೆ, ಸುಗ್ಗಿಯಲ್ಲಿ ಆಲೆಮನೆ ಒಲೆಗೆ ಕಬ್ಬಿನ ಸಿಪ್ಪೆ ತಳ್ಳುವ ಕೆಲಸ. ಅದನ್ನು ಯಾರೂ ಕೇಳಲೇ ಇಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ.

ಗಾಳಿ ಎಷ್ಟು ವೇಗವಾಗಿ ಹೊರಬರುತ್ತದೆ ಅನ್ನುವುದನ್ನು ಎಕ್ಸ್‌ರೇ ಅಳೆಯುವುದಿಲ್ಲ. ಆಕ್ಸಿಮೀಟರಿನ ಅಂಕಿ ಎಷ್ಟೋ ಜನರಲ್ಲಿ ಕಾಯಿಲೆ ಬಲಿತ ಮೇಲೆಯೇ ಇಳಿಯುವುದು. ಅದಕ್ಕೇ ಸ್ಪೈರೋಮೆಟ್ರಿ ಬೇಕು. ಎದೆ ತುಂಬ ಉಸಿರೆಳೆದು ಜೋರಾಗಿ ಊದಬೇಕು. ಮೊದಲ 1 ಸೆಕೆಂಡಿನಲ್ಲಿ ಬಂದ ಗಾಳಿ, ಒಟ್ಟು ಊದಿದ್ದರಲ್ಲಿ ಎಷ್ಟು ಪಾಲು ಅಂತ ನೋಡುತ್ತಾರೆ. ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟ ಮೇಲೂ 0.7ಕ್ಕಿಂತ ಕಮ್ಮಿ ಬಂದರೆ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಗಾಳಿ ಸರಾಗವಾಗಿ ಹೊರಬರದ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರಬಹುದು.

ಅದೂ ನಾರ್ಮಲ್ ಬಂತು ಅನ್ನಿ. ಅಲ್ಲಿಗೇ ಫೈಲ್ ಮುಚ್ಚುವುದು ತಪ್ಪು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. 2 ಮಿಲಿಮೀಟರಿಗಿಂತ ಸಣ್ಣ ಶ್ವಾಸನಾಳಗಳು ಲೆಕ್ಕವಿಲ್ಲದಷ್ಟಿವೆ. ಆರೋಗ್ಯವಂತರಲ್ಲಿ ಗಾಳಿಗೆ ಅವು ಒಡ್ಡುವ ತಡೆ ತೀರಾ ಕಮ್ಮಿ. ಹಾಗಾಗಿ ಅವುಗಳಲ್ಲಿ ಸಾಕಷ್ಟು ಹಾಳಾದರೂ ರಿಪೋರ್ಟಿನಲ್ಲಿ ಕಾಣದೇ ಹೋಗಬಹುದು. ಇನ್ನೊಂದು, ನಾರ್ಮಲ್ ಅನ್ನುವುದು ನಮ್ಮ ವಯಸ್ಸು, ಎತ್ತರದವರ ಲೆಕ್ಕಕ್ಕೆ ಹೋಲಿಸಿದ್ದು. ಮೊದಲು ಆ ಲೆಕ್ಕದ ಶೇ. 110 ಇದ್ದವರು 85ಕ್ಕೆ ಇಳಿದರೂ ರಿಪೋರ್ಟು ನಾರ್ಮಲ್ಲೇ! ಅವರ ಪಾಲಿಗೆ ಅದು ದೊಡ್ಡ ನಷ್ಟ.

ದೊಡ್ಡಮ್ಮನಿಗೆ ಕೊನೆಗೆ ಮೈಸೂರಿನಲ್ಲಿ ಆಸಿಲೋಮೆಟ್ರಿ ಮಾಡಿಸಿದೆವು, ಉಸಿರಾಡುವಾಗ ಸಣ್ಣ ಗಾಳಿ ಅಲೆ ಕಳಿಸಿ ಶ್ವಾಸನಾಳಗಳ ತಡೆ ಅಳೆಯುವ ಪರೀಕ್ಷೆ ಅದು. ಜೋರಾಗಿ ಊದುವ ಕಷ್ಟವಿಲ್ಲ, ಮಾಮೂಲಿ ಉಸಿರಾಡಿದರೆ ಸಾಕು. ಸಣ್ಣ ನಾಳಗಳ ತೊಂದರೆ ಗೊತ್ತಾಗಿದ್ದು ಅಲ್ಲೇ. ಗಾಳಿಚೀಲಗಳಿಂದ ರಕ್ತಕ್ಕೆ ಅನಿಲ ಸರಿಯಾಗಿ ದಾಟುತ್ತಿದೆಯೇ ಅಂತ ನೋಡುವ ಡಿಎಲ್‌ಸಿಒ ಪರೀಕ್ಷೆಯೂ ಇದೆ. ಎಲ್ಲರಿಗೂ ಎಲ್ಲವೂ ಬೇಕಿಲ್ಲ, ವೈದ್ಯರು ನಿರ್ಧರಿಸಲಿ. ಹೃದಯ, ರಕ್ತಹೀನತೆಯನ್ನೂ ನೋಡಲೇಬೇಕು.

ಆದರೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಒಂದು ಸ್ಪೈರೋಮೀಟರ್, ಅದನ್ನು ಸರಿಯಾಗಿ ಊದಿಸಲು ಕಲಿತ ಒಬ್ಬ ಟೆಕ್ನೀಷಿಯನ್ ಇರಲೇಬೇಕು. ಅರ್ಧಂಬರ್ಧ ಊದಿಸಿದ ರಿಪೋರ್ಟಿಗೆ ಬೆಲೆಯಿಲ್ಲ. ಅಲ್ಲಿವರೆಗೆ, ಅಮ್ಮನನ್ನೋ ಅತ್ತೆಯನ್ನೋ ಕರೆದುಕೊಂಡು ಹೋದಾಗ ಒಲೆ ಹೊಗೆಯ ವಿಷಯ ನೀವೇ ಬಾಯಿಬಿಟ್ಟು ಹೇಳಿ. ಹಳೇ ರಿಪೋರ್ಟು ಎಸೆಯಬೇಡಿ, ಮುಂದಿನ ಸಲ ಹೋಲಿಸಲು ಬೇಕಾಗುತ್ತದೆ.