ಎಷ್ಟು ರೋ ಅಂತ ಕೇಳಬೇಡಿ, ಫ್ಯಾನ್ ತೋರಿಸಿ

ಇವತ್ತು ಮಧ್ಯಾಹ್ನ ಸತ್ಯಮಂಗಲದಿಂದ ವಾಪಸ್ ಬರುವಾಗ ದಿಂಬಂ ಘಾಟ್‌ನಲ್ಲಿ ಮುಕ್ಕಾಲು ಗಂಟೆ ನಿಂತೆ. ತಿರುವಿನಲ್ಲಿ ಒಂದು ಟಾಟಾ 407 ಮಿನಿ ಲಾರಿ ಬಾನೆಟ್ ಎತ್ತಿಕೊಂಡು ಹಬೆ ಬಿಡುತ್ತಿತ್ತು. ಹಿಂದೆ ಬಸ್ಸು, ಲಾರಿ, ಹಾರ್ನ್. ಯಾರಪ್ಪಾ ಈ ಪುಣ್ಯಾತ್ಮ ಅಂತ ಬೈಕೊಂಡು ಹೋಗಿ ನೋಡಿದರೆ ನಮ್ಮ ಚಿಕ್ಕಪ್ಪನ ಮಗ! ಸಿಮೆಂಟ್ ಲೋಡು. ನನ್ನ ಮುಖ ನೋಡಿದ ಕೂಡಲೇ ಅವನು ಹೇಳಿದ ಮೊದಲ ಮಾತು: "ಅಣ್ಣೋ, ನಾಕು ರೋ ಹಾಕ್ಸಿವ್ನಿ ಕನಣ್ಣೋ, ಆದ್ರೂವೆ ಹೀಟಾಯ್ತದೆ."

ನಾಕು ರೋ. ಅಂದರೆ ಎಂಜಿನ್ ನೀರು ತಂಪು ಮಾಡುವ ರೇಡಿಯೇಟರ್‌ನಲ್ಲಿ ಒಂದರ ಹಿಂದೆ ಒಂದು ನಾಲ್ಕು ಸಾಲು ಟ್ಯೂಬು. ಇದನ್ನು ಕೇಳಿದರೆ ಎಂಜಿನ್‌ಗಿಂತ ಮೊದಲು ನನ್ನ ತಲೆ ಕುದಿಯುತ್ತದೆ.

ನಾನು ಕೊಯಮತ್ತೂರಿನಲ್ಲಿ ರೇಡಿಯೇಟರ್ ಕೆಲಸ ಕಲಿತವನು ಅಂತ ನಿಮಗೆಲ್ಲ ಗೊತ್ತೇ ಇದೆ. ಆಗ ಅಂಗಡಿಗೆ ಬಂದ ಯಾರೂ "ಎಷ್ಟು ರೋ" ಅಂತ ಶುರು ಮಾಡುತ್ತಿರಲಿಲ್ಲ. "ಸೋರ್ತಿದೆ, ನೋಡಿ" ಅನ್ನುತ್ತಿದ್ದರು, ಅಷ್ಟೆ. ಈಗ ಫೋನಿನಲ್ಲಿ ವಿಡಿಯೋ ನೋಡಿ ಬರುತ್ತಾರೆ. ಕನ್ನಡಿ ಥರ ಹೊಳೆಯುವ ಅಲ್ಯೂಮಿನಿಯಂ ರೇಡಿಯೇಟರ್, ಎರಡು ರೋ, ಮೂರು ರೋ, ನಾಲ್ಕು ರೋ. ರೋ ಜಾಸ್ತಿ ಆದರೆ ತಂಪು ಜಾಸ್ತಿ ಅಂತೆ. ಮಾರುವವನೂ ಅದನ್ನೇ ಹೇಳುತ್ತಾನೆ, ಯಾಕಂದರೆ ರೋ ಜಾಸ್ತಿ ಆದರೆ ರೇಟೂ ಜಾಸ್ತಿ.

ತಮ್ಮನ ಗಾಡಿ ಕಥೆ ಸ್ವಲ್ಪ ಹೇಳಬೇಕು. ಹಳೆ 407ರ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಸೋತಿತ್ತು. ಅದನ್ನು ಇಳಿಸಿ ಅದೇ 2956 ಸಿಸಿಯ ಟರ್ಬೊ, ಆ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಇರುವ ಎಂಜಿನ್ ಕೂರಿಸಿದ. ಆರ್‌ಟಿಒ ಕಚೇರಿಗೆ ಅಲೆದು ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಿಸಿದ್ದೂ ಆಯಿತು. ಅಷ್ಟು ಶಿಸ್ತು ಇದೆ ಹುಡುಗನಿಗೆ. ಎಳೆತ ಜಾಸ್ತಿ ಆಯಿತು ಅಂದರೆ ಡೀಸೆಲ್ ಜಾಸ್ತಿ ಉರಿಯುತ್ತದೆ. ಉರಿದ ಡೀಸೆಲ್ ಶಾಖದಲ್ಲಿ ಸುಮಾರು ಕಾಲು ಭಾಗ ನೀರಿನ ಮೂಲಕವೇ ಹೊರಗೆ ಹೋಗಬೇಕು. ಹಳೆ ರೇಡಿಯೇಟರ್ ಸಾಲಲ್ಲ, ದೊಡ್ಡದು ಬೇಕು. ಇಲ್ಲಿಯವರೆಗೆ ಅವನ ಲೆಕ್ಕ ಸರಿ.

ಆಮೇಲೆ ಏನು ಮಾಡಿದ? ಟೇಪ್ ಹಿಡಿದು ಅಳೆಯಲಿಲ್ಲ. ಫೋನಿನಲ್ಲಿ ಆರ್ಡರ್ ಮಾಡಿದ. ಬಂದದ್ದು ಗೋಡೆಯಷ್ಟು ದಪ್ಪದ ಕೋರ್, ಅಂದರೆ ಟ್ಯೂಬು, ಅವುಗಳ ನಡುವಿನ ತೆಳು ತಗಡಿನ ಫಿನ್ ಸೇರಿದ ನಡುಭಾಗ. ಅದನ್ನು ಕೂರಿಸಿದರೆ ಎಂಜಿನ್ ಫ್ಯಾನಿಗೆ ಜಾಗ ಇಲ್ಲ. ಫ್ಯಾನ್ ಬಿಚ್ಚಿ ಮೂಲೆಗೆ ಎಸೆದ. ಗಾಳಿ ಆಚೀಚೆ ಹೋಗದಂತೆ ಫ್ಯಾನ್ ಸುತ್ತ ಇರುವ ಕವರ್ ಕೂಡ ಹೋಯಿತು. ಅದರ ಬದಲು ಯಾವುದೋ ಕಾರಿನ ಎರಡು ಕರೆಂಟ್ ಫ್ಯಾನ್. ಅವನ್ನು ಕಟ್ಟಿದ್ದು ಹೇಗೆ ಗೊತ್ತಾ? ಫಿನ್‌ಗಳ ನಡುವೆ ಪ್ಲಾಸ್ಟಿಕ್ ಟೈ ತೂರಿಸಿ! ಗಾಡಿ ಕುಲುಕಿದ ಹಾಗೆಲ್ಲ ಆ ಟೈ ಟ್ಯೂಬನ್ನು ಉಜ್ಜುತ್ತದೆ. ತೂತು ಬೀಳಲು ಇನ್ನೇನು ಬೇಕು?

ಎಂಜಿನ್ ಆರಿದ ಮೇಲೆ ಮತ್ತೆ ಸ್ಟಾರ್ಟ್ ಮಾಡಿಸಿ, ಸಿಮೆಂಟ್ ಬಿಲ್ಲಿನ ಹಾಳೆಯೊಂದನ್ನು ಕೋರ್ ಮುಂದೆ ಹಿಡಿದೆ. ಫ್ಯಾನ್ ಇರುವ ಎರಡು ವೃತ್ತದ ಎದುರು ಹಾಳೆ ಟಪ್ ಅಂತ ಅಂಟಿಕೊಂಡಿತು. ಮೂಲೆಗೆ ಸರಿಸಿದೆ, ಕೆಳಗೆ ಬಿತ್ತು. ಇನ್ನೊಂದು ಮೂಲೆ, ಅಲ್ಲೂ ಬಿತ್ತು. ಅಂದರೆ ದುಡ್ಡು ಕೊಟ್ಟು ತಂದ ಕೋರ್‌ನಲ್ಲಿ ಅರ್ಧಕ್ಕೆ ಗಾಳಿಯೇ ಇಲ್ಲ. ಆ ಅರ್ಧ ಬರೀ ಶೋಕಿ. ಕವರ್ ಇದ್ದಿದ್ದರೆ ಫ್ಯಾನ್ ಎಳೆಯುವ ಗಾಳಿಯೆಲ್ಲ ಇಡೀ ಕೋರ್ ಮೂಲಕವೇ ಬರಬೇಕಿತ್ತು.

ಬಯಲು ರಸ್ತೆಯಲ್ಲಿ ಇದು ಗೊತ್ತಾಗುವುದಿಲ್ಲ. ಅರವತ್ತರ ಸ್ಪೀಡಿನಲ್ಲಿ ಹೋದರೆ ಗಾಳಿ ತಾನಾಗಿಯೇ ನುಗ್ಗುತ್ತದೆ. ಆದರೆ ಘಾಟಿನ ಬುಡದ ಬಣ್ಣಾರಿಯಿಂದ ಮೇಲೆ 27 ತಿರುವು. ಲೋಡ್ ಗಾಡಿ ಒಂದನೇ ಗೇರು, ಎರಡನೇ ಗೇರಿನಲ್ಲಿ ತೆವಳಬೇಕು. ಎಂಜಿನ್ ಪೂರ್ತಿ ದುಡಿಯುತ್ತದೆ, ಮುಂದಿನಿಂದ ಗಾಳಿ ಮಾತ್ರ ಇಲ್ಲ. ಆಗ ಫ್ಯಾನೇ ದೇವರು. ಅದರಲ್ಲೂ ಇಂಟರ್‌ಕೂಲರ್ ಮುಂದೆ ಕೂತಿದೆ, ರೇಡಿಯೇಟರ್‌ಗೆ ಬರುವ ಗಾಳಿ ಮೊದಲೇ ಬಿಸಿ. ಕೋರ್ ದಪ್ಪ ಆದಷ್ಟೂ ಹಿಂದಿನ ಸಾಲಿಗೆ ಸಿಗುವುದು ಮುಂದಿನ ಸಾಲು ಬಳಸಿ ಬಿಟ್ಟ ಬಿಸಿ ಗಾಳಿ, ಆ ದಪ್ಪದೊಳಗಿಂದ ಎಳೆಯಲು ಫ್ಯಾನಿಗೆ ಶಕ್ತಿಯೂ ಜಾಸ್ತಿ ಬೇಕು. ಕಾರಿನ ಪಾಪದ ಫ್ಯಾನ್ ಏನು ಮಾಡೀತು?

ಒಂದು ಇಂಚು ಅಗಲದ ಟ್ಯೂಬಿರುವ ಎರಡು ರೋ ಅಲ್ಯೂಮಿನಿಯಂ ಸಾಕಿತ್ತು ಇವನಿಗೆ. ಕೋರ್ ದಪ್ಪ ಬೇಡ, ಅಗಲ ಎತ್ತರ ಬೇಕು. ಗ್ರಿಲ್ ಹಿಂದೆ ಎಷ್ಟು ಜಾಗ ಇದೆಯೋ ಅಷ್ಟೂ ತುಂಬಿಸಿ. ಎಂಜಿನ್ ಫ್ಯಾನ್ ಉಳಿಸಿಕೊಳ್ಳಿ, ಅದಕ್ಕೆ ಸುತ್ತ ಕವರ್ ಮಾಡಿಸಿ, ರೆಕ್ಕೆ ಅರ್ಧ ಕವರ್ ಒಳಗೆ ಅರ್ಧ ಹೊರಗೆ ಇರಲಿ. ಫಿನ್ ತೀರಾ ಒತ್ತಾಗಿದ್ದರೆ ನಮ್ಮ ಕೆಂಪು ಧೂಳು, ಕಬ್ಬಿನ ಗದ್ದೆಯ ಹೊಟ್ಟು, ಹುಳ ಎಲ್ಲ ಸಿಕ್ಕಿಕೊಂಡು ಒಂದೇ ಸೀಸನ್‌ನಲ್ಲಿ ಕಟ್ಟುತ್ತದೆ. ಇಂಟರ್‌ಕೂಲರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿಯನ್ನಂತೂ ಯಾರೂ ಬಗ್ಗಿ ನೋಡುವುದೇ ಇಲ್ಲ.

ಇನ್ನು ತಾಮ್ರದ ಭಕ್ತರು ಬರುತ್ತಾರೆ. "ಅಲ್ಯೂಮಿನಿಯಂಗಿಂತ ತಾಮ್ರದಲ್ಲಿ ಶಾಖ ಚೆನ್ನಾಗಿ ಹರಿಯುತ್ತೆ, ಅಲ್ವಾ?" ಹೌದು ಸ್ವಾಮಿ, ಹರಿಯುತ್ತೆ, ಹೆಚ್ಚುಕಡಿಮೆ ಎರಡು ಪಟ್ಟು. ಆದರೆ ಆ ರೇಡಿಯೇಟರ್‌ನಲ್ಲಿ ಟ್ಯೂಬು ಹಿತ್ತಾಳೆ, ಫಿನ್ನಿಗೂ ಟ್ಯೂಬಿಗೂ ನಡುವೆ ಸೀಸದ ಸೋಲ್ಡರ್. ಸೋಲ್ಡರ್‌ನಲ್ಲಿ ಶಾಖ ಹರಿಯುವುದು ಅಷ್ಟಕ್ಕಷ್ಟೆ. ತೂಕದ ಕಾರಣಕ್ಕೆ ಟ್ಯೂಬೂ ಸಣ್ಣದು. ಅಲ್ಯೂಮಿನಿಯಂ ಹಗುರ, ಟ್ಯೂಬ್ ಅಗಲ ಮಾಡಬಹುದು, ಸೋಲ್ಡರ್ ಇಲ್ಲದೆ ಅಲ್ಯೂಮಿನಿಯಂನಿಂದಲೇ ಬೆಸೆಯುವ ಬ್ರೇಜಿಂಗ್ ಮಾಡಬಹುದು. ಲೆಕ್ಕ ಸರಿಹೋಯಿತು. ದಾರಿಯಲ್ಲಿ ಸೋರಿದರೆ ರಿಪೇರಿ ಕಷ್ಟ ಅಂತೀರಾ? ಅದೂ ನಿಜ. ತಾಮ್ರದ್ದಾದರೆ ಹಾಸನೂರಿನ ಮರದ ಕೆಳಗೂ ಬೆಸುಗೆ ಹಾಕಬಹುದು, ಅಲ್ಯೂಮಿನಿಯಂಗೆ ಆರ್ಗಾನ್ ವೆಲ್ಡಿಂಗ್ ಹುಡುಕಬೇಕು. ಆದರೆ ಸರಿಯಾಗಿ ರಬ್ಬರ್ ಬುಶ್ ಮೇಲೆ ಕೂರಿಸಿದರೆ ಅದು ಸುಮ್ಮನೆ ಯಾಕೆ ಬಿರುಕು ಬಿಡುತ್ತದೆ? ಚಾಸಿಗೆ ನೇರ ಬೋಲ್ಟ್ ಹೊಡೆದು, ಗಾಡಿ ತಿರುಚಿದಾಗ ಒಡೆಯಿತು ಅಂತ ಅಳುವವರ ಮಾತು ನಾನು ಕೇಳಲ್ಲ.

ನಿಜ ಹೇಳಲಾ? ನನಗೆ ಇವತ್ತಿಗೂ ಇಷ್ಟ ತಾಮ್ರವೇ. ಆಸಿಡ್ ಹಚ್ಚಿ ಸೋಲ್ಡರ್ ಹರಿಸುವಾಗ ಬರುವ ಆ ವಾಸನೆಗೆ ಕೆಮ್ಮು ಬರುತ್ತಿತ್ತು, ಈಗ ಅದೇ ನೆನಪಾಗಿ ಗ್ಯಾರೇಜ್ ಖಾಲಿ ಖಾಲಿ ಅನಿಸುತ್ತದೆ. ಅದು ನನ್ನ ಹಣೆಬರಹ, ಗಾಡಿಯದ್ದಲ್ಲ.

ನೀರಿನ ವಿಷಯ ಬೇರೆ. ತಾಮ್ರಕ್ಕೆ ಬೋರ್ ನೀರು ಸುರಿದು ಸುರಿದು ಅಭ್ಯಾಸ ನಮಗೆ. ನಮ್ಮ ತಾಳವಾಡಿ ಬೋರ್ ನೀರು ಎಷ್ಟು ಗಡಸು ಅಂತ ಗೀಸರ್ ಬಿಚ್ಚಿದವರಿಗೆ ಗೊತ್ತು. ಅಲ್ಯೂಮಿನಿಯಂಗೆ ಅದನ್ನು ಹಾಕಿದರೆ ಒಳಗಿನಿಂದಲೇ ತಿನ್ನುತ್ತದೆ. ಡಿಸ್ಟಿಲ್ಡ್ ವಾಟರ್, ತುಕ್ಕು ತಡೆಯುವ ಕೂಲೆಂಟ್, ಅರ್ಧಕ್ಕರ್ಧ. ಇಷ್ಟು ಖರ್ಚು ಮಾಡಿದವನು ಕೂಲೆಂಟ್‌ಗೆ ಜಿಪುಣತನ ಮಾಡುತ್ತಾನಲ್ಲ, ಏನು ಹೇಳಲಿ!

ಮತ್ತೊಬ್ಬ ಮಹಾನುಭಾವ ಮೆಕ್ಯಾನಿಕ್ ಥರ್ಮೋಸ್ಟಾಟ್ (ನೀರು ಬಿಸಿಯಾಗುವವರೆಗೆ ರೇಡಿಯೇಟರ್ ದಾರಿ ಮುಚ್ಚಿಡುವ ವಾಲ್ವ್) ಕಿತ್ತು ಹಾಕಿದ್ದಾನೆ. "ನೀರು ಫ್ರೀ ಓಡ್ಲಿ" ಅಂತೆ. ಬೈಪಾಸ್ ದಾರಿಯನ್ನೂ ಅದೇ ಮುಚ್ಚುವ ಎಂಜಿನ್‌ಗಳಲ್ಲಿ ಅದನ್ನು ಕಿತ್ತರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಎಂಜಿನ್‌ನಲ್ಲೇ ಗಿರಕಿ ಹೊಡೆಯುತ್ತದೆ. ತಂಪು ಮಾಡಲು ಹೋಗಿ ಬಿಸಿ.

ಹುಡುಗ ಒದ್ದೆ ಗೋಣಿಚೀಲ ಹಿಡಿದು ರೇಡಿಯೇಟರ್ ಕ್ಯಾಪ್ ತಿರುಗಿಸಲು ಹೊರಟಿದ್ದ. ಕೈ ಮೇಲೆ ಒಂದು ಏಟು ಕೊಟ್ಟೆ. 0.9 ಬಾರ್ ಕ್ಯಾಪ್ ಬಿಗಿಯಾಗಿದ್ದರೆ ಬರೀ ನೀರೂ 118 ಡಿಗ್ರಿ ಹತ್ತಿರದವರೆಗೆ ಕುದಿಯದೆ ತಡೆದುಕೊಳ್ಳುತ್ತದೆ. ಕ್ಯಾಪ್ ತೆಗೆದ ಕ್ಷಣ ಒತ್ತಡ ಹೋಗಿ ಎಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತದೆ. ಕಾಯಲೇಬೇಕು, ಬೇರೆ ದಾರಿ ಇಲ್ಲ. ಕಾಯುವುದಾದರೂ ಎಲ್ಲಿ? ಸುತ್ತ ಹುಲಿ ಕಾಡು, ತಲೆ ಮೇಲೆ ಕೋತಿ. ಮುಂದೆ ಕಾರೆಪಳ್ಳಂ ಹತ್ತಿರ ಆನೆಗಳು ಕಬ್ಬಿನ ಲಾರಿಗೆ ಕಾಯುತ್ತಿರುತ್ತವೆ. ಪುಣ್ಯಕ್ಕೆ ಆನೆಗೆ ಸಿಮೆಂಟ್ ಬೇಡ. 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬೇರೆ ಇದೆ, ಹೊತ್ತು ಮುಳುಗುವ ಮೊದಲು ಘಾಟ್ ದಾಟಬೇಕು.

ಇಷ್ಟೆಲ್ಲ ಬೈದರೂ ಅವನು ಕೊನೆಗೆ ಕೇಳಿದ್ದೇನು ಗೊತ್ತಾ? "ಹಂಗಾರೆ ಐದು ರೋ ಸಿಕ್ತದಾ ಅಣ್ಣೋ?"

ಆ ನಾಲ್ಕು ರೋ ರೇಡಿಯೇಟರ್ ಈಗ ನನ್ನ ಗ್ಯಾರೇಜ್ ಮುಂದೆ ಬಿಚ್ಚಿ ಇಟ್ಟಿದೆ. ಹೆಚ್ಚು ಓಡಿಲ್ಲ, ಸೋರುವುದೂ ಇಲ್ಲ, ಟೈ ಉಜ್ಜಿದ ಗುರುತು ಮಾತ್ರ ಇದೆ. ಜಾಗ ಇರುವ ದೊಡ್ಡ ಗಾಡಿಯವರು ಯಾರಿಗಾದರೂ ಬೇಕಿದ್ದರೆ ಬಂದು ನೋಡಿ, ಬರುವಾಗ ಟೇಪ್ ತನ್ನಿ. ಹಾಗೇ ಸತ್ಯಮಂಗಲದಲ್ಲೋ ಚಾಮರಾಜನಗರದಲ್ಲೋ ತಗಡಿನಲ್ಲಿ ಅಳತೆಗೆ ಫ್ಯಾನ್ ಕವರ್ ಮಾಡಿಕೊಡುವವರಿದ್ದರೆ ತಿಳಿಸಿ. ನಾಳಿದ್ದು ಅವನಿಗೆ ರಸಗೊಬ್ಬರದ ಲೋಡು ಇದೆಯಂತೆ.