ಅಡಿಕೆ ರೇಟು ಕೇಳಿದರೆ ಕುಕ್ಕಿ ಬೇಕಾ ಅಂತಾರೆ

ಬೆಳಿಗ್ಗೆ ಆರೂವರೆಗೆ ನನಗೆ ಬೇಕಾಗಿದ್ದು ಒಂದು ಸಂಖ್ಯೆ. ಹೊಸ ಚಾಲಿ ಅಡಿಕೆ ಕಿಲೋಗೆ ಎಷ್ಟು? ಮೂರಂಕಿ, ಅಷ್ಟೇ. ಚೀಲ ಕಟ್ಟಿ ಜಗಲಿಯಲ್ಲಿ ಇಟ್ಟಾಗಿದೆ. ಎಂಟಕ್ಕೆ ಜೀಪು ಬರುತ್ತದೆ. ಇವತ್ತೇ ಬದಿಯಡ್ಕ ಪೇಟೆಗೆ ಕಳಿಸುವುದೋ, ಇನ್ನೊಂದು ವಾರ ಅಟ್ಟದಲ್ಲಿ ಇಡುವುದೋ ನೋಡಬೇಕು. ಹಾಗಾಗಿ ಫೋನಿನಲ್ಲಿ ಒಂದು ಸುದ್ದಿ ತಾಣಕ್ಕೆ ಹೋದೆ.

ಒಳಗೆ ಹೋದೆ ಅಂತ ಹೇಳುವ ಹಾಗಿಲ್ಲ. ಬಾಗಿಲಲ್ಲೇ ಒಬ್ಬ ನಿಂತಿದ್ದ. 'ನಾವು ಕುಕ್ಕಿಗಳನ್ನು ಬಳಸುತ್ತೇವೆ, ನಿಮ್ಮ ಒಪ್ಪಿಗೆ ಇದೆಯೇ?' ತುಳುವಿನಲ್ಲಿ ಕುಕ್ಕು ಅಂದರೆ ಮಾವಿನಹಣ್ಣು. ಮೊದಲ ಸಲ ಈ ಪ್ರಶ್ನೆ ಬಂದಾಗ ಏನೋ ಹತ್ತಿರದ ಸಾಮಾನೇ ಇರಬೇಕು ಅಂತ ಖುಷಿಯಿಂದ ಒಪ್ಪಿದ್ದೆ. ಅದು ನಮ್ಮ ಗುರುತಿಗೆ ಅಂತ ತಾಣದವರು ನಮ್ಮ ಫೋನಿನಲ್ಲಿ ಇಡುವ ಸಣ್ಣ ಚೀಟಿ ಅಂತ ಗೊತ್ತಾದದ್ದು ಮತ್ತೆ. ಇಷ್ಟು ವರ್ಷವಾಯಿತು, ಒಂದು ಗೊರಟೂ ಬಂದಿಲ್ಲ.

ಒಪ್ಪಿದೆ. ಎರಡನೆಯವನು ಬಂದ. 'ನಿಮಗೆ ನೋಟಿಫಿಕೇಶನ್ ಕಳಿಸಬಹುದೇ?' ಮೂರನೆಯವನು: 'ನೀವು ಎಲ್ಲಿದ್ದೀರಿ ಅಂತ ತಿಳಿಯಬಹುದೇ?' ನಾಲ್ಕನೆಯವನು: 'ಆ್ಯಪಿನಲ್ಲಿ ಓದಿದರೆ ಇನ್ನೂ ಚೆನ್ನ.' ಅಲ್ಲ ಮಾರಾಯಾ, ಇಲ್ಲಿ ಓದಲು ಬಿಟ್ಟರೆ ತಾನೇ ಅಲ್ಲಿ ಚೆನ್ನವೋ ಅಂತ ಗೊತ್ತಾಗುವುದು? ಐದನೆಯವನಿಗೆ ನನ್ನ ಇಮೇಲ್ ಬೇಕು. ಅಷ್ಟರಲ್ಲಿ ಕೆಳಗಿನ ಮೂಲೆಯಲ್ಲಿ ಯಾರೂ ಕರೆಯದ ಒಂದು ವಿಡಿಯೋ ತಾನೇ ಶುರುವಾಗಿ, ಒಬ್ಬ ಗಂಡಸು ಕಿರುಚತೊಡಗಿದ. ಒಳಗಿನಿಂದ ಹೆಂಡತಿ ಕೇಳಿದಳು, "ಇಷ್ಟು ಬೆಳಿಗ್ಗೆ ಯಾರು ಬಂದದ್ದು? ಜಗಳವಾ?"

ಯಕ್ಷಗಾನದಲ್ಲಿ ಪೂರ್ವರಂಗ ಅಂತ ಒಂದಿದೆ. ಕೋಡಂಗಿಗಳು ಕುಣಿಯಬೇಕು, ಬಾಲಗೋಪಾಲರು ಬರಬೇಕು, ಸ್ತ್ರೀವೇಷ ಬರಬೇಕು, ಆಮೇಲೆ ಪ್ರಸಂಗ. ನಾವು ಕಾಸರಗೋಡಿನ ಕುಂಬಳೆ ಸೀಮೆಯವರು, ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಿನವರು. ಕಾಯುವುದು ನಮಗೆ ಹೊಸತಲ್ಲ. ಆದರೆ ಅಲ್ಲಿ ಕೋಡಂಗಿ ಕುಣಿದು ಚೌಕಿಗೆ ಹೋದ ಅಂದರೆ ಹೋದ. ರಾಮ ರಾವಣರ ಯುದ್ಧದ ನಡುವೆ ಮತ್ತೆ ರಂಗಕ್ಕೆ ಬಂದು, 'ಈ ಯುದ್ಧ ನಿಮಗೆ ಇಷ್ಟವಾಯಿತೇ? ಐದರಲ್ಲಿ ಎಷ್ಟು ನಕ್ಷತ್ರ?' ಅಂತ ಕೇಳುವುದಿಲ್ಲ.

ಅಂತೂ ಸುದ್ದಿ ಕಂಡಿತು. ಅಡಿಕೆ ಎಂದರೇನು, ನಮ್ಮ ಸಂಸ್ಕೃತಿಯಲ್ಲಿ ಅಡಿಕೆಗೆ ಎಂಥ ಸ್ಥಾನ, ಅಡಿಕೆಯಿಂದ ರೈತನ ಮೊಗದಲ್ಲಿ ಹೇಗೆ ಮಂದಹಾಸ. ಒಂದೊಂದು ಪ್ಯಾರಾಕ್ಕೂ ಒಂದೊಂದು ಜಾಹೀರಾತು. ಕೊನೆಗೆ ರೇಟು. ಶಿವಮೊಗ್ಗದ್ದು! ರಾಶಿ, ಬೆಟ್ಟೆ, ಸರಕು, ಗೊರಬಲು. ಎಲ್ಲ ಬೇಯಿಸಿದ ಕೆಂಪಡಿಕೆ, ಅದೂ ಕ್ವಿಂಟಾಲಿನ ಲೆಕ್ಕದಲ್ಲಿ. ನಮ್ಮದು ಬಿಸಿಲಿಗೆ ಒಣಗಿಸಿದ ಬಿಳಿ ಚಾಲಿ, ಕಿಲೋ ಲೆಕ್ಕ. ನಾನೆಲ್ಲಿದ್ದೇನೆ ಅಂತ ಅಷ್ಟು ಅಕ್ಕರೆಯಿಂದ ಕೇಳಿದ್ದು ಮತ್ತೆ ಯಾಕೆ?

ಯಾಕೆ ಅಂತ ಪಕ್ಕದ ಜಾಹೀರಾತು ನೋಡಿದಾಗ ತಿಳಿಯಿತು. ಕನ್ನಡ ಸುದ್ದಿಯ ಬದಿಯಲ್ಲಿ ಮಲಯಾಳದಲ್ಲಿ ಒಂದು ಚಿನ್ನದಂಗಡಿ. ಅದರ ಮೇಲೆ ಇನ್ನೊಂದು ಕಿಟಕಿ. 'ನೀವು ಕೇರಳದಲ್ಲಿದ್ದೀರಿ. ಮಲಯಾಳದಲ್ಲಿ ಓದುವಿರಾ?' ಇದರಲ್ಲಿ ಸಿಟ್ಟು ಬರುವಂಥದ್ದು ಏನೂ ಇಲ್ಲ. ನನಗೆ ಮಲಯಾಳ ಓದಲಿಕ್ಕೂ ಬರುತ್ತದೆ, ಬೇಕಾದರೆ ಜಗಳ ಮಾಡಲಿಕ್ಕೂ ಬರುತ್ತದೆ. ಆದರೆ ನಾನು ಕನ್ನಡ ಪುಟಕ್ಕೇ ಬಂದು ಕುಳಿತಿದ್ದೇನಲ್ಲ? ಹೋಟೆಲಿನಲ್ಲಿ ನೀರುದೋಸೆ ತಿನ್ನುತ್ತಿರುವವನ ತಟ್ಟೆ ಎಳೆದು 'ಪುಟ್ಟು ಕೊಡಲಾ?' ಅಂತ ಕೇಳಿದ ಹಾಗೆ.

ಫಾರ್ಮ್ ತುಂಬುವಾಗಲಂತೂ ಕೇಳುವುದೇ ಬೇಡ. ರಾಜ್ಯ ಕರ್ನಾಟಕ ಅಂದರೆ ಜಿಲ್ಲೆಯ ಪಟ್ಟಿಯಲ್ಲಿ ಕಾಸರಗೋಡು ಇಲ್ಲ. ಅದು ಸರಿಯೇ. ಕೇರಳ ಅಂದರೆ ಜಿಲ್ಲೆ ಸಿಗುತ್ತದೆ, ಭಾಷೆಯ ಜಾಗದಲ್ಲಿ ಮಾತ್ರ ಮಲಯಾಳ ತಾನೇ ಬಂದು ಕೂರುತ್ತದೆ. ಕೇರಳದಲ್ಲಿ ಕೂತು ಕನ್ನಡ ಓದುವ ಒಂದು ಜಾತಿಯ ಪ್ರಾಣಿ ಇದೆ ಅಂತ ಆ ಫಾರ್ಮ್ ಮಾಡಿದವನಿಗೆ ಯಾರೂ ಹೇಳಿಲ್ಲ.

ಇಷ್ಟಕ್ಕೂ ಈ 'ಒಪ್ಪಿಗೆ' ಅನ್ನುವ ಶಬ್ದ ಕಂಡರೇ ನಮ್ಮ ಊರಿನವರಿಗೆ ನಗು ಬರುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಈ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದ ನನ್ನಜ್ಜನ ಹತ್ತಿರ ಅವತ್ತು ಯಾರೂ 'ಒಪ್ಪಿಗೆಯೇ?' ಅಂತ ಕೇಳಲಿಲ್ಲ. ಈಗ ಅದೇ ಜಗಲಿಯಲ್ಲಿ ಕೂತ ಮೊಮ್ಮಗನ ಹತ್ತಿರ ದಿನಕ್ಕೆ ನಲವತ್ತು ಸಲ ಕೇಳುತ್ತಾರೆ. ರಾಜ್ಯದ ವಿಷಯಕ್ಕಲ್ಲ. ಕುಕ್ಕಿಗೆ.

ಕೆಲವು ತಾಣಗಳಲ್ಲಿ 'ಬೇಡ' ಅನ್ನುವ ಬಟನ್ನೇ ಇರುವುದಿಲ್ಲ. 'ಸರಿ' ಮತ್ತು 'ಆಮೇಲೆ', ಎರಡೇ. ಈ 'ಆಮೇಲೆ' ಕೂಡ ನಮಗೆ ಹಳೆಯ ನೆಂಟ. ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಲಿ ಅಂತ, ಗಡಿ ತಗಾದೆ ನೋಡಲು ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ದೆಹಲಿಯಲ್ಲಿ ಯಾರೋ 'ಆಮೇಲೆ' ಒತ್ತಿದರು. ಆ ಕಿಟಕಿ ಮುಚ್ಚಿದ್ದು ಮುಚ್ಚಿದ್ದೇ. ಕುಕ್ಕಿಯ ಕಿಟಕಿ ಹಾಗಲ್ಲ, ಐದು ನಿಮಿಷಕ್ಕೊಮ್ಮೆ ತೆರೆದುಕೊಳ್ಳುತ್ತದೆ.

ಪಾಪ, ಕುಕ್ಕಿಯನ್ನು ಮಾಡಿದವನ ಮನಸ್ಸಿನಲ್ಲಿ ಕೇಡು ಇರಲಿಲ್ಲ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಎಂಬವರು, ಅಂಗಡಿ ತಾಣದಲ್ಲಿ ಗಿರಾಕಿ ಬುಟ್ಟಿಗೆ ಹಾಕಿದ್ದು ಮರೆತುಹೋಗದಿರಲಿ ಅಂತ ಮಾಡಿದ ಚೀಟಿ ಅದು. ಚೀಟಿ ಬರೆದವರು ಒಬ್ಬರು, ಅದನ್ನು ಹಿಡಿದು ನಮ್ಮ ಹಿಂದೆ ಹಿಂದೆ ತಿರುಗಿದವರು ನೂರಾರು ಜನ. ಕೇಳದೆ ಹಾಗೆ ತಿರುಗಬೇಡಿ ಅಂತ ಯುರೋಪಿನವರು ಕಾನೂನು ಮಾಡಿದರು. 2018ರ ಮೇ ತಿಂಗಳಿಂದ ಅದು ಇನ್ನೂ ಬಿಗಿಯಾಯಿತು. ಕಾನೂನು ಹೇಳಿದ್ದು ಮರ್ಯಾದೆಯಿಂದ ಕೇಳಿ ಅಂತ. ಕಂಪನಿಗಳಿಗೆ ಅರ್ಥವಾಗಿದ್ದು, ಬೇಸತ್ತು ಒಪ್ಪುವ ತನಕ ಕೇಳಿ ಅಂತ. 'ಒಪ್ಪುತ್ತೇನೆ' ಅನ್ನಲು ಒಂದೇ ಒತ್ತು. 'ಒಲ್ಲೆ' ಅನ್ನಲು ಮೂರು ಕೋಣೆ ದಾಟಿ ಹಿತ್ತಿಲಿಗೆ ಹೋಗಬೇಕು. ಇದಕ್ಕೇ ಫ್ರಾನ್ಸಿನ ಖಾಸಗಿತನ ಕಾಯುವ ಸಂಸ್ಥೆ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿದ್ದನ್ನು ಪ್ರಕಟಿಸಿತು. ಯೂರೋದಲ್ಲಿ ದಂಡ ಹಾಕಿಸಿಕೊಂಡರೂ ಕೊಡುವ ಶಕ್ತಿ ಇರುವವರು ಅವರು. ನಮ್ಮ ಅಡಿಕೆಗೆ ಕೊಳೆರೋಗ ಬಂದ ವರ್ಷ ಬ್ಯಾಂಕಿನವರ ಮುಖ ನೋಡುವುದೂ ಕಷ್ಟ. ಇರಲಿ.

ಹೊಸ ಕಿಟಕಿ ಪಕ್ಕನೆ ಎದ್ದು ಬರುತ್ತದಲ್ಲ, ಆ ಪಾಪ್‌ಅಪ್, ಅದನ್ನು ತೊಂಬತ್ತರ ದಶಕದಲ್ಲಿ ಮಾಡಿದವರಲ್ಲಿ ಈಥನ್ ಜಕರ್‌ಮನ್ ಒಬ್ಬರು. ಒಂದು ಕಾರು ಕಂಪನಿಯ ಜಾಹೀರಾತು ಯಾವುದೋ ಅಶ್ಲೀಲ ಪುಟದ ಮೇಲೆ ಬಂತಂತೆ. ಕಂಪನಿಗೆ ಮರ್ಯಾದೆ ಹೋಯಿತು. ಪುಟಕ್ಕೂ ಜಾಹೀರಾತಿಗೂ ಸಂಬಂಧ ಇಲ್ಲದ ಹಾಗೆ ಕಾಣಲಿ ಅಂತ ಇವರು ಅದಕ್ಕೊಂದು ಬೇರೆ ಕಿಟಕಿ ಕೊಟ್ಟರು. 2014ರಲ್ಲಿ ಒಂದು ಲೇಖನ ಬರೆದು ಕ್ಷಮೆಯನ್ನೂ ಕೇಳಿದರು. ದೊಡ್ಡ ಮನಸ್ಸು. ಆ ಕ್ಷಮೆಯ ಬಗ್ಗೆ ಓದೋಣ ಅಂತ ನಾನು ಹೋದ ಪುಟದಲ್ಲಿ ಎರಡನೇ ಸಾಲಿಗೇ ಒಂದು ಕಿಟಕಿ ಎದ್ದು, 'ಚಂದಾದಾರರಾಗಿ' ಅಂದಿತು.

ನೋಟಿಫಿಕೇಶನ್ ಕತೆ ಇನ್ನೂ ಮಜಾ. ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರು 2019ರಲ್ಲಿ ಲೆಕ್ಕ ಹಾಕಿ ನೋಡಿದರು. ನೂರು ಸಲ ಕೇಳಿದರೆ ಸುಮಾರು 99 ಸಲ ಜನ ಒಪ್ಪುವುದಿಲ್ಲ. ನಮ್ಮ ಊರಿನ ಮದುವೆ ದಲ್ಲಾಳಿ ಕೂಡ ನೂರರಲ್ಲಿ ತೊಂಬತ್ತೊಂಬತ್ತು ಮನೆಯಲ್ಲಿ ಇಲ್ಲ ಅನ್ನಿಸಿಕೊಂಡರೆ ಮಾಣಿಯ ಜಾತಕದಲ್ಲೇ ಏನೋ ಇದೆ ಅಂತ ಸುಮ್ಮನಾಗುತ್ತಾನೆ. ಇವರು ಸುಮ್ಮನಾಗುವುದಿಲ್ಲ.

ಮತ್ತೆ ನಾನು ಮನುಷ್ಯನೇ ಹೌದೋ ಅಂತ ಪರೀಕ್ಷೆ. ಒಂಬತ್ತು ಚಿತ್ರ ಕೊಟ್ಟು, 'ಬೆಂಕಿ ಆರಿಸುವ ನೀರಿನ ನಲ್ಲಿ ಇರುವುದನ್ನು ಒತ್ತಿ' ಅಂದರು. ಅಮೆರಿಕದಲ್ಲಿ ಬೀದಿ ಬದಿಯಲ್ಲಿ ಇರುವ ಕುಳ್ಳ ಕಂಬ ಅದು. ನಮ್ಮಲ್ಲಿ ಬೆಂಕಿ ಬಿದ್ದರೆ ಬಾವಿಗೆ ಓಡುತ್ತೇವೆ. ಮೂರು ಸಲ ತಪ್ಪಿದೆ. ಬದಿಯಡ್ಕ ಪೇಟೆಯ ಚಿತ್ರ ಕೊಟ್ಟು 'ಅಡ್ಡ ನಿಲ್ಲಿಸಿದ ರಿಕ್ಷಾ ಎಲ್ಲಿದೆ?' ಅಂತ ಕೇಳಲಿ, ಒಂಬತ್ತಕ್ಕೆ ಒಂಬತ್ತನ್ನೂ ಒತ್ತುತ್ತೇನೆ.

ನಮ್ಮ ಸರ್ಕಾರವೂ ಸುಮ್ಮನೆ ಕೂತಿಲ್ಲ. 2023ರ ನವೆಂಬರ್ 30ರಂದು ಇಂಥ ಮೋಸದ ವಿನ್ಯಾಸಗಳ ಬಗ್ಗೆ ಮಾರ್ಗಸೂಚಿ ತಂದು, ಬಳಕೆದಾರರನ್ನು ಬಲೆಗೆ ಬೀಳಿಸುವ 13 ವಿಧಗಳನ್ನು ಪಟ್ಟಿ ಮಾಡಿದೆ. ಸತಾಯಿಸುವುದು ಅದರಲ್ಲಿ ಒಂದು. ನಾಚಿಕೆ ಹುಟ್ಟಿಸಿ ಒಪ್ಪಿಸುವುದು ಇನ್ನೊಂದು. ಟಿಕೆಟಿನ ಜೊತೆ ವಿಮೆ ಬೇಡ ಅಂದರೆ 'ನಾನು ಅಸುರಕ್ಷಿತನಾಗಿಯೇ ಇರುತ್ತೇನೆ' ಅಂತ ನಮ್ಮ ಬಾಯಲ್ಲೇ ಹೇಳಿಸುವುದು, ಆ ಥರದ್ದು. ಒತ್ತಾಯ ಮಾಡುವುದು ನಮಗೂ ಗೊತ್ತು. ಮದುವೆ ಊಟದಲ್ಲಿ ಹೋಳಿಗೆ ಬಡಿಸುವವರು 'ಒಂದೇ ಒಂದು, ಒಂದೇ ಒಂದು' ಅಂತ ಬೆನ್ನು ಹತ್ತುತ್ತಾರೆ. ಆದರೆ ಎರಡೂ ಕೈ ಎಲೆಗೆ ಅಡ್ಡ ಹಿಡಿದರೆ ಮುಂದಿನ ಎಲೆಗೆ ಹೋಗುತ್ತಾರೆ. 'ಇಲ್ಲ, ನನಗೆ ಒಳ್ಳೆಯ ಊಟ ತಿಂದು ಗೊತ್ತಿಲ್ಲ' ಅಂತ ಬರೆದುಕೊಡಿ ಅನ್ನುವುದಿಲ್ಲ.

ಇದನ್ನೆಲ್ಲ ನಾನು ಅಳಿಯನ ಹತ್ತಿರ ಹೇಳಿಕೊಂಡೆ. ತಂಗಿಯ ಮಗ. ಊರಿನ ಸುದ್ದಿ ಹಾಕುವ ಒಂದು ಸಣ್ಣ ತಾಣ ಅವನೇ ನಡೆಸುತ್ತಾನೆ. ಪಂಚಾಯತು, ಆಟ, ಜಾತ್ರೆ, ಮರಣ. ನಮ್ಮ ಕಡೆ ಜನ ಬೆಳಿಗ್ಗೆ ಎದ್ದು ನೋಡುವುದು ಎರಡೇ, ಅಡಿಕೆ ರೇಟು ಮತ್ತು ಯಾರು ತೀರಿಕೊಂಡರು ಅಂತ.

"ಅದು ಹಾಗಲ್ಲ ಮಾವ," ಅಂದ. "ಬರೆಯುವುದು ನಾನು, ಫೋಟೊ ನಾನು, ಬೈಕಿಗೆ ಪೆಟ್ರೋಲೂ ನಾನೇ. ಓದುವವರು ಒಂದು ಪೈಸೆ ಕೊಡುವುದಿಲ್ಲ. ಜಾಹೀರಾತು ಕಂಡರೆ ಇಷ್ಟು, ಒತ್ತಿದರೆ ಮತ್ತಷ್ಟು. ಅದು ಬಿಟ್ಟರೆ ಬೇರೆ ದಾರಿ ಎಲ್ಲಿದೆ?"

ಅದು ಸುಳ್ಳಲ್ಲ. ನಾನೂ ಇವತ್ತಿನವರೆಗೆ ಅವನಿಗೆ ಕೊಟ್ಟದ್ದು ಸಲಹೆ ಮಾತ್ರ.

"ಮುಚ್ಚುವ ಗುರುತನ್ನು ಸಾಸಿವೆಯಷ್ಟು ಮಾಡಿದ್ದು ಯಾಕೆ ಹಾಗಾದರೆ? ಅಡಿಕೆ ಸುಲಿದು ಒರಟಾದ ಬೆರಳು ನನ್ನದು. ಮುಚ್ಚಲು ಹೋದರೆ ಜಾಹೀರಾತಿನೊಳಗೇ ಬೀಳುತ್ತೇನೆ."

ಅವನು ಮಾತಾಡಲಿಲ್ಲ. ಅಂದರೆ ಆ ಬೀಳುವುದೂ ಲೆಕ್ಕಕ್ಕೆ ಸೇರುತ್ತದೆ ಅಂತಾಯಿತು.

"ಇಡೀ ಪುಟ ಮುಚ್ಚುವ ಕಿಟಕಿ ನಾನು ಹಾಕಿಲ್ಲ ಮಾವ," ಅಂದ ಕೊನೆಗೆ, ಸ್ವಲ್ಪ ಹೆಮ್ಮೆಯಿಂದಲೇ. "ಫೋನಿನಲ್ಲಿ ಹಾಗೆ ಮುಚ್ಚಿದರೆ ಗೂಗಲ್ ಹುಡುಕಾಟದಲ್ಲಿ ಕೆಳಗೆ ಹೋಗಬಹುದು. 2017ರಿಂದ ಆ ನಿಯಮ ಇದೆ. ನಾನು ಮುಕ್ಕಾಲು ಮಾತ್ರ ಮುಚ್ಚಿದ್ದೇನೆ."

ಉಳಿದ ಕಾಲು ಭಾಗದಲ್ಲಿ ಓದಿ ನೋಡಿದೆ. ನನ್ನ ಜೊತೆ ಶಾಲೆಗೆ ಹೋಗುತ್ತಿದ್ದವರೊಬ್ಬರು ತೀರಿಕೊಂಡ ಸುದ್ದಿ. ಹೆಸರಿನ ಮೇಲೆ ಹಂಚಿಕೊಳ್ಳಿ ಅನ್ನುವ ಬಟನ್ ತೇಲುತ್ತಿತ್ತು, ಹಾಗಾಗಿ ಯಾರು ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಕೆಳಗೆ ಒಂದು ಪ್ರಶ್ನೆ: 'ಈ ಸುದ್ದಿ ನಿಮಗೆ ಇಷ್ಟವಾಯಿತೇ?' ಅದರ ಕೆಳಗೆ, 'ನಿಮಗೆ ಇವೂ ಇಷ್ಟವಾಗಬಹುದು' ಅಂತ ಬರೆದು ಇನ್ನೂ ಮೂರು ಮರಣ.

ನಮ್ಮ ಹವ್ಯಕರ ಮನೆಗಳಲ್ಲಿ ಯಾರಾದರೂ ಬಂದರೆ ಮೊದಲ ಮಾತು 'ಆಸರಿಂಗೆ ಎಂತ ಬೇಕು?' ಅಂತ. ನೀರು, ಬೆಲ್ಲ, ಮಜ್ಜಿಗೆ, ಏನಾದರೊಂದು. ಬಂದವರು ಯಾರು, ಯಾಕೆ ಬಂದರು ಅನ್ನುವುದೆಲ್ಲ ಅವರು ಲೋಟ ಕೆಳಗಿಟ್ಟ ಮೇಲೆ. ಅಳಿಯನೂ ಅಂಥ ಮನೆಯಲ್ಲೇ ಬೆಳೆದವನು. ಅದನ್ನೇ ನೆನಪು ಮಾಡಿದೆ. ಜಾಹೀರಾತು ಇರಲಿ, ಬದಿಯಲ್ಲಿ ಇರಲಿ. ಬಂದವನು ಎರಡು ಸಾಲು ಓದಲಿ. ಮತ್ತೆ ನಿನ್ನ ಕಿಟಕಿ ಬರಲಿ, ಅದಕ್ಕೊಂದು 'ಬೇಡ' ಅನ್ನುವ ಬಟನ್ ಇರಲಿ, ನನ್ನ ಬೆರಳಿಗೆ ಸಿಗುವಷ್ಟು ದೊಡ್ಡದು.

ಜೀಪು ಬಂದು ಹಾರ್ನ್ ಹಾಕುತ್ತಿತ್ತು. ರೇಟು ಇನ್ನೂ ಗೊತ್ತಾಗಿರಲಿಲ್ಲ. ಪೇಟೆಯ ಅಡಿಕೆ ಅಂಗಡಿಗೆ ಫೋನ್ ಮಾಡಿದೆ. ಅವರು ಹಲೋ ಅನ್ನುವ ಮೊದಲೇ ರೇಟು ಹೇಳಿಬಿಟ್ಟರು. ಚೀಲ ಎತ್ತಿಸಿ ತಿರುಗಿ ನೋಡಿದರೆ ಅಳಿಯ ಜಗಲಿಯಲ್ಲಿ ಫೋನು ಒತ್ತುತ್ತಾ ಕೂತಿದ್ದ.

"ಏನಾಯಿತು ಮಾರಾಯಾ, 'ಬೇಡ' ಹಾಕುತ್ತೀಯಾ?" ಅಂತ ಕೇಳಿದೆ.

ತಲೆ ಎತ್ತದೆ ಹೇಳಿದ, "ಹಾಕುವಾ ಮಾವ. ಆಮೇಲೆ."